ಒಂದು ಮನೆ ಹಿಂದೆ ನಿಂತ ಸೂರ್ಯ

"ಇದನ್ನ ಓದೋಕೆ ನನಗೆ ಬರಲ್ಲ. ಆದ್ರೆ ಎರಡೂ ಒಂದೇ ಅಲ್ಲ ಅನ್ನೋಕೆ ಓದು ಯಾಕೆ, ಕಣ್ಣಿದ್ರೆ ಸಾಕು."

ಸತ್ತ ಜ್ಯೋತಿಷಿಯ ಮಗಳು ಹೀಗೆ ಹೇಳಿ ಎರಡು ಹಾಳೆಗಳನ್ನು ಅಪ್ಪನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅಪ್ಪ ಸತ್ತು, ಗಂಡ ಲಾಕಪ್ಪು ಸೇರಿದ ಮೇಲೆ ಅವಳಲ್ಲಿ ಅದು ಉಳಿದಂತೆ ಕಾಣಲಿಲ್ಲ.

ಎದುರಿಗೆ ಕೂತಿದ್ದ ಭವಿಷ್ಯದಮ್ಮನವರು ಕನ್ನಡಕಕ್ಕಾಗಿ ಚೀಲದಲ್ಲಿ ತಡಕಾಡಿದರು. ವಾರಪತ್ರಿಕೆಯೊಂದಕ್ಕೆ ವಾರಭವಿಷ್ಯ ಬರೆಯುತ್ತಲೇ ತಲೆ ನರೆಸಿಕೊಂಡ ಹೆಂಗಸು. ಪತ್ರಿಕೆಯ ಕಚೇರಿಯವರು ತಮಾಷೆಗೆ ಇಟ್ಟ ಹೆಸರು ಊರಿಗೆಲ್ಲ ಅಂಟಿಕೊಂಡು, ಸ್ವಂತ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಷ್ಟೇ ಉಳಿದಿತ್ತು.

ಮುದುಕ ಜ್ಯೋತಿಷಿ ಇದೇ ಕೋಣೆಯ ಮೆಟ್ಟಿಲ ಬುಡದಲ್ಲಿ, ಅಂಗಿಯ ಗುಂಡಿ ಕಿತ್ತು, ತಲೆ ಒಡೆದು ಸತ್ತು ಬಿದ್ದಿದ್ದರು. ಮೇಲೆ ಮೇಜಿನ ಮೇಲೆ ಆಗಷ್ಟೇ ಬರೆದ ಹೆಸರಿಲ್ಲದ ಕುಂಡಲಿಯೊಂದು ಇತ್ತು. ಅದನ್ನು ಓದಿ ಭವಿಷ್ಯದಮ್ಮ ಹೇಳಿದ ಲಕ್ಷಣ ಅಳಿಯನಿಗೆ ಹೊಂದಿತ್ತು. ಮಾವನ ಜೊತೆ ಅವನು ಆ ವಾರವೇ ಜಗಳವಾಡಿದ್ದನೆಂದು ಕೆಳಗಿನ ಟೈಲರ್ ಬೇರೆ ಹೇಳಿದ್ದ. ಅಳಿಯ ಈಗ ಕಂಬಿ ಎಣಿಸುತ್ತಿದ್ದ. ಬೆಳಗಾದರೆ ಕೋರ್ಟು.

ಕನ್ನಡಕ ಸಿಕ್ಕಿತು. ಬಲಗಾಲಿನ ಹೆಬ್ಬೆರಳು ಇನ್ನೂ ಚುಳುಚುಳು ಎನ್ನುತ್ತಿತ್ತು. ಹತ್ತುವಾಗ ನಡುವಿನ ಮೆಟ್ಟಿಲಿಗೆ ಧಡ್ ಎಂದು ಎಡವಿದ್ದರು. ಹಿಂದೊಮ್ಮೆ ಬಂದಾಗಲೂ ಎಡವಿದ್ದು ಅದಕ್ಕೇ.

ಆ ಮೆಟ್ಟಿಲು ಉಳಿದವಕ್ಕಿಂತ ಎರಡು ಬೆರಳು ಎತ್ತರ, ಕಟ್ಟಿದವನ ಕೈತಪ್ಪು ಎಂದು ಮಗಳು ಹೇಳಿದಳು. ಅಪ್ಪ ಅದನ್ನು ಸರಿಮಾಡಿಸಲು ಬಿಡಲೇ ಇಲ್ಲವಂತೆ. ಇಲ್ಲಿ ಕೂತೇ, ಧಡ್ ಎಂದರೆ ಹೊಸಬರು, ಸದ್ದಿಲ್ಲದಿದ್ದರೆ ಹಳಬರು ಎಂದು ತಿಳಿದುಕೊಳ್ಳುತ್ತಿದ್ದರಂತೆ. ಒಂದೆರಡು ಸಲ ಬಂದರೆ ಸಾಲದು, ತಿಂಗಳುಗಟ್ಟಲೆ ಹತ್ತಿಳಿದ ಕಾಲಿಗೆ ಮಾತ್ರ ಆ ಎತ್ತರ ಗೊತ್ತಾಗುವುದು. ಪೊಲೀಸರು ಬಂದಾಗಲೆಲ್ಲ ಎಡವಿದರು ಎನ್ನುವಾಗ ಅವಳ ತುಟಿಯಂಚಿನಲ್ಲಿ ಏನೋ ಒಂದು ಸಣ್ಣ ತೃಪ್ತಿ ಇಣುಕಿ ಹೋಯಿತು.

ಭವಿಷ್ಯದಮ್ಮ ಹಾಳೆಗಳ ಮೇಲೆ ಬಾಗಿದರು.

ಮೊದಲನೆಯದು ಅವರೇ ತಂದದ್ದು, ಮೇಜಿನ ಮೇಲೆ ಸಿಕ್ಕ ಕುಂಡಲಿಯ ಫೋಟೋ ಪ್ರತಿ. ಎರಡನೆಯದು ಮಗಳು ಟ್ರಂಕಿನ ತಳದಿಂದ ಹುಡುಕಿ ತೆಗೆದ, ಮಡಿಕೆಯಲ್ಲಿ ಹರಿಯಲು ಬಂದ ಹಳದಿ ಕಾಗದ. ಮದುವೆಗೆ ಮುಂಚೆ ಅಪ್ಪ ತನ್ನ ಕೈಯಾರೆ ಬರೆದ ಅಳಿಯನ ಕುಂಡಲಿ.

"ಅದು ನನ್ನ ಗಂಡಂದು ಅಂತ ನೀವು ಹೇಳಿದ್ರಿ. ನನ್ನ ಗಂಡಂದು ಇದು. ಈಗ ಹೇಳಿ."

ಭವಿಷ್ಯದಮ್ಮನವರಿಗೆ ಈ ಚೌಕಗಳ ಜೊತೆ ಒಗ್ಗಿಕೊಳ್ಳುವುದೇ ದೊಡ್ಡ ತಲೆನೋವಾಗಿತ್ತು. ಅವರು ಕಲಿತದ್ದು ಪಾಶ್ಚಾತ್ಯ ಪದ್ಧತಿ. ಅಲ್ಲಿ ದುಂಡನೆಯ ಚಕ್ರ, ಎಡಗಡೆಗೆ ಲಗ್ನ, ಅಂದರೆ ಹುಟ್ಟಿದ ಗಳಿಗೆಯಲ್ಲಿ ಮೂಡಣದಲ್ಲಿ ಏಳುತ್ತಿದ್ದ ರಾಶಿ, ಅಲ್ಲಿಂದ ರಾಶಿಗಳು ಗಡಿಯಾರಕ್ಕೆ ಎದುರಾಗಿ ತಿರುಗುತ್ತವೆ. ಇಲ್ಲಿ ಚಕ್ರವೂ ಇಲ್ಲ, ತಿರುಗುವುದೂ ಇಲ್ಲ. ಅಂಚಿನ ಸುತ್ತ ಹನ್ನೆರಡು ಮನೆ, ನಡುವೆ ಖಾಲಿ. ಮೇಲಿನ ಸಾಲಿನ ಎರಡನೆಯ ಮನೆ ಯಾರ ಕುಂಡಲಿಯಲ್ಲಾದರೂ ಮೇಷವೇ. ಅಲ್ಲಿಂದ ಗಡಿಯಾರದ ದಾರಿಯಲ್ಲೇ ಎಣಿಸಬೇಕು. ಯಾವ ಮನೆ ಯಾವ ರಾಶಿ ಎಂದು ಬರೆಯುವುದೂ ಇಲ್ಲ, ಗೊತ್ತಿದ್ದವರಿಗೆ ಗೊತ್ತಿರುತ್ತದೆ ಎಂಬ ಧಿಮಾಕು.

ಕಲಿಸಿಕೊಡಿ ಎಂದು ಇದೇ ಮುದುಕರ ಹತ್ತಿರ ಬಂದಿದ್ದರು. ಅವರು ಇಬ್ಬರು ಗಿರಾಕಿಗಳೆದುರೇ, ಮೊದಲು ಕಲಿತದ್ದನ್ನ ಮರೆತು ಬನ್ನಿ ತಾಯಿ ಎಂದು ನಕ್ಕು ಕಳಿಸಿದ್ದರು. ಆ ಅವಮಾನಕ್ಕೆ ಒಂದು ಕೈಪಿಡಿ ಕೊಂಡು ಮನೆಯಲ್ಲೇ ಕೂತು ಕಲಿಯತೊಡಗಿದ್ದರು. ತಿರುಗುವ ದಿಕ್ಕು ಬದಲಾಯಿಸಿಕೊಂಡರು, ಚೌಕ ಬಾಯಿಪಾಠ ಮಾಡಿದರು. ಕಣ್ಣಿಗೆ ಕಾಣುವ ವ್ಯತ್ಯಾಸಗಳನ್ನೆಲ್ಲ ದಾಟಿದೆ ಎಂದು ಬೀಗಿದ್ದರು ಕೂಡ.

ಆಗಲೇ ತಮ್ಮ ಈ ಕುಂಡಲಿಯನ್ನು ತಂದು ಕೈಗಿಟ್ಟಿದ್ದ. ತಮ್ಮ ಎಂದರೆ ಈ ಕೇಸಿನ ಇನ್‌ಸ್ಪೆಕ್ಟರ್. ಅಕ್ಕ, ಇದು ಕೊನೆಯದಾಗಿ ಬಂದ ಗಿರಾಕಿಯದಿರಬೇಕು, ಯಾರಂತ ಗೊತ್ತಾಗುತ್ತಾ ನೋಡು ಎಂದಿದ್ದ. ಜೀವನದಲ್ಲಿ ಮೊದಲ ಸಲ ತಮ್ಮ ತನ್ನ ವಿದ್ಯೆಗೆ ಬೆಲೆ ಕೊಟ್ಟನಲ್ಲ ಎಂದು ಅವರಿಗೆ ಅಂದು ಊಟ ಕೂಡ ಸೇರಿರಲಿಲ್ಲ, ಅಷ್ಟು ಸಂಭ್ರಮ.

ಕುಂಡಲಿ ಸರಳವಾಗಿತ್ತು. ಕೆಳಗಿನ ಬಲಮೂಲೆಯ ಕನ್ಯಾ ರಾಶಿಯಲ್ಲಿ 'ರ' ಎಂದು ರವಿ. ಮೇಲಿನ ಎಡಮೂಲೆಯ ಮೀನದಲ್ಲಿ 'ಲ' ಎಂದು ಲಗ್ನ, ಅದರ ಜೊತೆಗೇ ಚಂದ್ರ. ಮೇಲಿನ ಬಲಮೂಲೆಯ ಮಿಥುನದಲ್ಲಿ ಶನಿ. ಸೂರ್ಯ ಕನ್ಯೆಯಲ್ಲಿದ್ದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಕ್ಕಾಲಿನೊಳಗೆ ಹುಟ್ಟಿದವನು. ಲಗ್ನಕ್ಕೆ ನೇರ ಎದುರು ಸೂರ್ಯ, ಅಂದರೆ ಹೊತ್ತು ಮುಳುಗುವ ವೇಳೆ ಹುಟ್ಟಿದವನು. ಶನಿಯ ಲೆಕ್ಕ ಹಿಡಿದರೆ ವಯಸ್ಸು ಐವತ್ತರ ಆಚೀಚೆ. ನೀರು ಕುಡಿದಷ್ಟು ಸುಲಭವಾಗಿ ಹೇಳಿಬಿಟ್ಟಿದ್ದರು.

ಮರುದಿನ ತಮ್ಮ ಬಂದು, ಅಳಿಯ ಹುಟ್ಟಿದ್ದು ಸೆಪ್ಟೆಂಬರ್ ಮೊದಲ ವಾರ, ವಯಸ್ಸೂ ಸರಿ, ಹುಟ್ಟಿದ್ದು ಸಂಜೆಯೇ, ಎಲ್ಲ ಹೊಂದುತ್ತೆ ಎಂದಿದ್ದ.

ಈಗ ಹಳದಿ ಕಾಗದದಲ್ಲಿ 'ರ' ಬಲಮೂಲೆಯಲ್ಲಿರಲಿಲ್ಲ. ಅದರ ಮೇಲಿನ ಮನೆಯಲ್ಲಿತ್ತು. ಅದು ಸಿಂಹ.

"ನಿಮ್ಮ ಯಜಮಾನರು ಹುಟ್ಟಿದ್ದು ಸೆಪ್ಟೆಂಬರಲ್ಲೇ ತಾನೆ?" ಎಂದು ಕೇಳಿದರು.

ಸೆಪ್ಟೆಂಬರ್ ಮೊದಲ ವಾರವೇ, ಅದರಲ್ಲಿ ಸುಳ್ಳಿಲ್ಲ ಎಂದಳು ಮಗಳು.

"ಹಾಗಿದ್ರೆ ಬರೆಯುವಾಗ ನಿಮ್ಮಪ್ಪ ಒಂದು ಮನೆ ತಪ್ಪಿದ್ದಾರೆ ಅಷ್ಟೆ. ಸೆಪ್ಟೆಂಬರ್ ಮೊದಲ ವಾರ ಸೂರ್ಯ ಕನ್ಯೆಯಲ್ಲೇ ಇರ್ತಾನಮ್ಮ."

ಹೇಳಿ ಮುಗಿಸುವ ಮೊದಲೇ ಅನುಮಾನ ಬಂತು. ಜೀವಮಾನವೆಲ್ಲ ಇದನ್ನೇ ಬರೆದ ಮುದುಕ, ಅದೂ ಮಗಳನ್ನು ಕೊಡುವ ಗಂಡಿನ ಕುಂಡಲಿಯಲ್ಲಿ ಸೂರ್ಯನನ್ನು ತಪ್ಪು ಮನೆಯಲ್ಲಿ ಕೂರಿಸುತ್ತಾನೆಯೇ? ಅವರು ಶನಿಯನ್ನು ಹುಡುಕಿದರು. ಮಿಥುನದಲ್ಲಿರಬೇಕಾದ 'ಶ' ಒಂದು ಮನೆ ಹಿಂದೆ, ವೃಷಭದಲ್ಲಿತ್ತು. ಕೈತಪ್ಪಾದರೆ ಒಂದು ಗ್ರಹ ತಪ್ಪೀತು. ಇಲ್ಲಿ ಎರಡೂ ಒಟ್ಟಾಗಿ ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತಿದ್ದವು.

ಗೋಡೆಯ ಕಪಾಟಿನಲ್ಲಿ ಮುದುಕರ ಪಂಚಾಂಗವಿತ್ತು. ಭವಿಷ್ಯದಮ್ಮ ಮಂಡಿ ಹಿಡಿದುಕೊಂಡು ಎದ್ದು ಅದನ್ನು ತಂದರು. ಸೆಪ್ಟೆಂಬರಿನ ಪುಟ ತೆರೆದರು. ಸೂರ್ಯ ಕನ್ಯೆಗೆ ಕಾಲಿಡುವುದು ತಿಂಗಳ ಮಧ್ಯ ಕಳೆದ ಮೇಲೆ ಎಂದು ಅಲ್ಲಿ ಅಚ್ಚಾಗಿತ್ತು. ಕನ್ಯೆ ಬಿಟ್ಟು ತುಲೆಗೆ ಹೋಗುವುದು ಅಕ್ಟೋಬರ್ ಮಧ್ಯದಲ್ಲಿ.

ಪುಟವನ್ನು ಕಣ್ಣ ಹತ್ತಿರ ಹಿಡಿದು ಮತ್ತೊಮ್ಮೆ ಓದಿದರು.

ಕೈಪಿಡಿಯ ಎರಡನೆಯ ಅಧ್ಯಾಯದ ಹೆಸರು ಅಯನಾಂಶ. ಲೆಕ್ಕ ಜಾಸ್ತಿಯಿದೆ, ಆಮೇಲೆ ನೋಡೋಣ ಎಂದು ಅವರು ಆ ಅಧ್ಯಾಯವನ್ನು ಹಾರಿಸಿ ಮುಂದೆ ಹೋಗಿದ್ದರು. ಪಾಶ್ಚಾತ್ಯರು ರಾಶಿಗಳನ್ನು ಋತುವಿನಿಂದ ಅಳೆಯುತ್ತಾರೆ, ಇವರು ಆಕಾಶದ ನಕ್ಷತ್ರಗಳಿಂದ. ಎರಡರ ನಡುವೆ ಇಪ್ಪತ್ತನಾಲ್ಕು ಡಿಗ್ರಿಯಷ್ಟು ಅಂತರ ಬೆಳೆದುಬಿಟ್ಟಿದೆ. ಹೆಚ್ಚು ಕಡಿಮೆ ಒಂದು ಮನೆ. ಹೆಸರು ಅದೇ ಕನ್ಯಾ, ಅದೇ ತುಲಾ. ನಿಂತಿರುವ ಜಾಗ ಬೇರೆ. ಹೆಸರು ಒಂದೇ ಎಂದು ಜಾಗವೂ ಒಂದೇ ಎಂದುಕೊಂಡಿದ್ದರು ಇವರು.

ಆ ಒಂದು ಹಾರಿಸಿದ ಅಧ್ಯಾಯಕ್ಕೆ ಒಬ್ಬ ಗೃಹಸ್ಥ ಸಿಮೆಂಟು ನೆಲದ ಮೇಲೆ ಮಲಗಿದ್ದ.

"ತಪ್ಪಾಗಿದೆ," ಎಂದರು. "ನಿಮ್ಮಪ್ಪಂದಲ್ಲ. ನಂದು."

ಮಗಳು ಅವರನ್ನೇ ನೋಡಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಹೂಜಿಯಿಂದ ನೀರು ಬಗ್ಗಿಸಿ ಲೋಟವನ್ನು ಅವರ ಮುಂದಿಟ್ಟಳು, ಅಷ್ಟೆ.

ನೀರು ಕುಡಿಯುತ್ತ ಭವಿಷ್ಯದಮ್ಮನವರ ಕಣ್ಣು ಮತ್ತೆ ಹಳದಿ ಕಾಗದಕ್ಕೆ ಹೋಯಿತು. ಅಲ್ಲಿ 'ಲ' ಇದ್ದದ್ದು ರವಿಯ ಮನೆಯಲ್ಲೇ. ಲಗ್ನವೂ ಸೂರ್ಯನೂ ಒಟ್ಟಿಗಿದ್ದರೆ ಅದು ಸೂರ್ಯೋದಯದ ಹೊತ್ತು. ಈ ಒಂದು ವಿಷಯದಲ್ಲಿ ಎರಡು ಪದ್ಧತಿಗೂ ಜಗಳವಿಲ್ಲ, ಹುಟ್ಟುವ ಸೂರ್ಯ ಎಲ್ಲರಿಗೂ ಹುಟ್ಟುವ ಸೂರ್ಯನೇ.

"ನಿಮ್ಮ ಯಜಮಾನರು ಹುಟ್ಟಿದ್ದು ಯಾವ ಹೊತ್ತಲ್ಲಿ?"

"ಬೆಳಿಗ್ಗೆ. ಹಾಲಿನವನು ಬಾಗಿಲು ತಟ್ಟೋದಕ್ಕೂ ಮಗು ಅಳೋದಕ್ಕೂ ಸರಿಹೋಯ್ತು ಅಂತ ನಮ್ಮತ್ತೆ ಯಾವಾಗ್ಲೂ ಹೇಳ್ತಿದ್ರು."

"ಸಂಜೆ ಅಂತ ಹೇಳಿದ್ರಲ್ಲ?"

"ಯಾರು?"

ಇನ್‌ಸ್ಪೆಕ್ಟರ್ ಎಂದು ಹೇಳಲು ಭವಿಷ್ಯದಮ್ಮನವರಿಗೆ ನಾಲಿಗೆ ಏಳಲಿಲ್ಲ. ಪೊಲೀಸಿನವರು ಎಂದರು. ಮಗಳು ತಲೆಯಾಡಿಸಿದಳು. ಹುಟ್ಟಿದ ತಾರೀಕು ಕೇಳಿದ್ದು ಹೌದು, ಹೊತ್ತನ್ನು ಯಾರೂ ಕೇಳಲಿಲ್ಲ, ತನ್ನನ್ನೂ ಇಲ್ಲ, ಗಂಡನನ್ನೂ ಇಲ್ಲ ಎಂದಳು.

ಹಾಗಾದರೆ ತಮ್ಮ ಸುಳ್ಳು ಹೇಳಿದ್ದ.

ಕೆಳಗೆ ಟೈಲರನ ಮಶೀನು ಒಂದೇ ಸಮನೆ ಗಡಗಡ ಎನ್ನುತ್ತಿತ್ತು. ಕಿಟಕಿಯಿಂದ ಬಿದ್ದ ಇಳಿಬಿಸಿಲು ಮೇಜಿನ ಅಂಚು ದಾಟಿ ಕುಂಡಲಿಯ ಮೇಲೆ ಹರಿದಿತ್ತು. ಭವಿಷ್ಯದಮ್ಮನವರಿಗೆ ಎದ್ದು ಮನೆಗೆ ಹೋಗಿ ಮುಸುಕು ಹಾಕಿಕೊಂಡು ಮಲಗಿಬಿಡೋಣ ಅನ್ನಿಸಿತು. ಅರವತ್ತು ದಾಟಿದ ಮೇಲೆ ಮನುಷ್ಯರ ಬಗ್ಗೆ ಹೊಸದಾಗಿ ಏನೂ ತಿಳಿಯಬಾರದು ಅನ್ನುವಷ್ಟು ದಣಿವಾಗಿತ್ತು.

ಆದರೂ ಬುದ್ಧಿ ತನ್ನ ಪಾಡಿಗೆ ತಾನು ಲೆಕ್ಕ ಹಾಕುತ್ತಿತ್ತು. ಇವರ ಕನ್ಯೆಯಲ್ಲಿ ಸೂರ್ಯ ಇರುವುದು ಅಕ್ಟೋಬರ್ ಮಧ್ಯದವರೆಗೆ. ಆ ದಿನಗಳಲ್ಲಿ ಹುಟ್ಟಿದವರನ್ನು ತಾನು ಇಷ್ಟು ವರ್ಷ ಏನೆಂದು ಕರೆದಿದ್ದೇನೆ?

ತುಲಾ.

ತುಲಾ ಅಂದರೆ ತಕ್ಕಡಿ. ಮನೆಯಲ್ಲಿ ತಮ್ಮನ ಹೆಸರೇ ತಕ್ಕಡಿ. ಅವನಿನ್ನೂ ಚಡ್ಡಿ ಹಾಕುತ್ತಿದ್ದಾಗ, ಯಾವುದೋ ಪರದೇಶದ ಪತ್ರಿಕೆ ಓದಿ, ನೀನು ತುಲಾ ಕಣೋ ಎಂದು ಇವರೇ ಇಟ್ಟ ಅಡ್ಡಹೆಸರು. ಹುಟ್ಟಿದ್ದು ಅಕ್ಟೋಬರಿನ ಮೊದಲ ದಿನ.

ಬೆರಳು ತಾನಾಗಿ ಚೌಕದ ಮೇಲೆ ಓಡಿತು. ತಮ್ಮನ ಚಕ್ರ ಅವರಿಗೆ ಬಾಯಿಪಾಠ: ಸೂರ್ಯ ತುಲೆ, ಲಗ್ನ ಮೇಷ, ಚಂದ್ರ ಮೇಷ, ಶನಿ ಕರ್ಕ. ಒಂದೊಂದನ್ನೂ ಒಂದು ಮನೆ ಹಿಂದಕ್ಕೆ ತಳ್ಳಿದರು. ಸೂರ್ಯ ಕನ್ಯೆ, ಲಗ್ನ ಮೀನ, ಚಂದ್ರ ಮೀನ, ಶನಿ ಮಿಥುನ.

ಮೂರು ಮೂಲೆಗಳೂ ತುಂಬಿದವು.

ಆ ಸಂಜೆ ಅವರಿಗೆ ಚೆನ್ನಾಗಿ ನೆನಪಿತ್ತು. ಅಮ್ಮನಿಗೆ ನೋವು ಬಂದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಲಂಗ ಎತ್ತಿ ಹಿಡಿದು ಸೂಲಗಿತ್ತಿಯ ಮನೆಗೆ ಓಡಿದ್ದು ಇವರೇ. ಹಿಂದೆ ಸೂರ್ಯ ಇಳಿಯುತ್ತಿದ್ದ, ಬೀದಿಯ ತುದಿಯಲ್ಲಿ ತಟ್ಟೆಯಷ್ಟಗಲ ಹುಣ್ಣಿಮೆ ಚಂದ್ರ ಏಳುತ್ತಿದ್ದ. ಈ ಕತೆಯನ್ನು ತಮ್ಮನಿಗೆ ನೂರು ಸಲ ಹೇಳಿದ್ದರು. ಅವನ ಮದುವೆಯ ಮಾತುಕತೆಯ ದಿನ ಹುಡುಗಿಯ ಮುಂದೆಯೂ ಹೇಳಿದ್ದರು. ಆಗ ಅವಳ ಕಡೆಯವರು ಬರೆಸಿದ ಕುಂಡಲಿಯಲ್ಲಿ ಸೂರ್ಯ ಕನ್ಯೆಯಲ್ಲಿದ್ದಾನೆಂದು ಯಾರೋ ಹೇಳಿದ್ದಕ್ಕೆ, ಅದು ತಪ್ಪು, ಇವನು ತುಲಾ ಎಂದು ಹಟ ಹಿಡಿದು, ಕಾಗದ ನೋಡದೆಯೇ ಬದಿಗೆ ಸರಿಸಿದ್ದರು. ತಮ್ಮ ನಕ್ಕಿದ್ದ.

ತಮ್ಮನಿಗೆ ಗೊತ್ತಿತ್ತು, ಅಕ್ಕ ಈ ಚೌಕವನ್ನು ತಪ್ಪಾಗಿಯೇ ಓದುತ್ತಾಳೆ ಎಂದು.

ಇದೇ ಬೀದಿಯಲ್ಲಿ ಇನ್ನೂ ನಾಲ್ಕು ಜನ ಜ್ಯೋತಿಷಿಗಳಿದ್ದರು. ಅವರಲ್ಲಿ ಯಾರ ಹತ್ತಿರ ಹೋಗಿದ್ದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಅಕ್ಟೋಬರ್ ಎನ್ನುತ್ತಿದ್ದರು. ಅವರನ್ನೆಲ್ಲ ಬಿಟ್ಟು ತನ್ನ ಹತ್ತಿರ ಬಂದದ್ದು ತನ್ನ ವಿದ್ಯೆಯ ಮೇಲಿನ ನಂಬಿಕೆಗಲ್ಲ. ತನ್ನ ಅರೆಬರೆ ವಿದ್ಯೆಯ ಮೇಲಿನ ನಂಬಿಕೆಗೆ. ಭವಿಷ್ಯದಮ್ಮನವರಿಗೆ ಅಳು ಬರಲಿಲ್ಲ. ನಾಚಿಕೆಯಾಯಿತು, ಆಮೇಲೆ ತುಂಬಾ ನೋವಾಯಿತು.

"ಯಾರದ್ದು ಅಂತ ಗೊತ್ತಾಯ್ತಾ?" ಎಂದಳು ಮಗಳು.

ಉತ್ತರ ಹೇಳುವ ಮೊದಲೇ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. ಕೆಲಸ ಮುಗಿಸಿ ಬಂದು ಕರೆದುಕೊಂಡು ಹೋಗುತ್ತೇನೆಂದು ತಮ್ಮ ಬೆಳಿಗ್ಗೆಯೇ ಹೇಳಿದ್ದ. ಬೂಟುಗಾಲು ಮೆಟ್ಟಿಲೇರತೊಡಗಿತು. ಭವಿಷ್ಯದಮ್ಮ ಉಸಿರು ಬಿಗಿಹಿಡಿದು ಕೇಳಿದರು.

ನಡುವೆ ಧಡ್ ಎಂದಿತು. ಅದರ ಹಿಂದೆಯೇ ಒಂದು ಸಣ್ಣ ಬೈಗುಳ.

ಹೋದ ಜೀವ ಬಂದಂತಾಯಿತು. ಆದರೆ ಒಂದೇ ಗಳಿಗೆ. ಒಮ್ಮೆ ಬಂದು ತಳ್ಳಿ ಹೋದವನಿಗೂ ಮೆಟ್ಟಿಲು ಅಭ್ಯಾಸವಾಗಿರುವುದಿಲ್ಲ.

ಗಂಡನನ್ನು ಹಿಡಿದುಕೊಂಡು ಹೋದವನ ಮುಖ ನೋಡಲಾರೆನೆಂದು ಮಗಳು ಪರದೆಯ ಹಿಂದಿನ ಒಳಕೋಣೆಗೆ ಸರಿದಳು. ಇನ್‌ಸ್ಪೆಕ್ಟರ್ ಒಳಗೆ ಬಂದ. ಟೋಪಿ ಕೈಯಲ್ಲಿತ್ತು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು, ನಿದ್ದೆ ಕಂಡು ದಿನಗಳಾದ ಮುಖ.

ಮಂಡಿ ಹೇಗಿದೆ ಎಂದು ಕೇಳಿದ. ಹೆಂಡತಿಯೂ ಬಂದಿದ್ದಾಳೆ, ಕೆಳಗೆ ಕಾರಲ್ಲಿದ್ದಾಳೆ, ಅಕ್ಕನಿಗೆ ಇಳಿಯೋಕೆ ಕೈ ಹಿಡಿಯುವವರು ಬೇಕು ಅಂತ ತಾನಾಗೇ ಹೊರಟಳು ಎಂದ.

ಅವಳು ಹಾಗೇ. ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಇವರು ಇರತೊಡಗಿದಾಗಿನಿಂದ ದಿನಾ ರಾತ್ರಿ ಮಂಡಿಗೆ ಎಣ್ಣೆ ಹಚ್ಚಿ ಉಜ್ಜುವವಳು ಅವಳೇ. ಬೆಳಿಗ್ಗೆ ಹೊರಡುವಾಗ ಕೊಡೆ ಕೈಗಿಟ್ಟು, ಆ ಜ್ಯೋತಿಷಿಯ ಕೋಣೆ ಇರೋದು ಯಾವ ಬೀದೀಲಿ ಅಕ್ಕಾ, ತುಂಬಾ ದೂರವಾ ಎಂದು ವಿಚಾರಿಸಿ ಕಳಿಸಿದ್ದಳು. ಒಡಹುಟ್ಟಿದ ತಂಗಿಯಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ.

ಭವಿಷ್ಯದಮ್ಮ ತಮ್ಮನಿಗೆ ಎದುರಿನ ಕುರ್ಚಿ ತೋರಿಸಿದರು. ಗಿರಾಕಿಗಳು ಕೂರುವ ಕುರ್ಚಿ.

"ತಕ್ಕಡಿ, ಅಳಿಯ ಹುಟ್ಟಿದ್ದು ಬೆಳಿಗ್ಗೆಯಂತೆ."

ಅವನು ಕುರ್ಚಿಯ ಅಂಚಿಗೆ ಕೂತ.

"ಇದು ನಿನ್ನ ಕುಂಡಲಿ."

ಅವನು ಟೋಪಿಯನ್ನು ಮೇಜಿನ ಮೇಲಿಟ್ಟ. ಅದರ ಅಂಚು ಕುಂಡಲಿಯ ಒಂದು ಮೂಲೆಯನ್ನು ಮುಚ್ಚಿತು.

"ಅಂತೂ ಹೇಳಿದೆ," ಎಂದ.

ಬೀದಿಯಲ್ಲಿ ಇಷ್ಟು ಜನ ಬಲ್ಲವರಿರುವಾಗ ತನ್ನ ಹತ್ತಿರವೇ ಯಾಕೆ ತಂದೆ ಎಂದು ಅವರು ಕೇಳಿದರು. ದನಿ ಏರಿಸಲಿಲ್ಲ. ಅಕ್ಕನ ದಡ್ಡತನ ಉಪಯೋಗಕ್ಕೆ ಬರುತ್ತೆ ಅಂತ ತಾನೆ ಎಂದೂ ಸೇರಿಸಿದರು.

ತಮ್ಮ ತಲೆಯೆತ್ತಿದ. ಅವನ ಮುಖದಲ್ಲಿ ಸಿಕ್ಕಿಬಿದ್ದವನ ಭಯ ಇರಲಿಲ್ಲ. ಇದ್ದದ್ದು ಗಲಿಬಿಲಿ.

"ದಡ್ಡತನವಾ? ಅಕ್ಕ, ನಾನು ತಂದಿದ್ದು ನಿನ್ನ ಕೈಲಿ ಓದಿಸೋಕಲ್ಲ. ನಿನ್ನ ಮುಖ ನೋಡೋಕೆ."

"ನನ್ನ ಮುಖ ಯಾಕೆ?"

ಅವನು ಕಣ್ಣುಜ್ಜಿಕೊಂಡ. ಮೊದಲು ತಡವರಿಸುತ್ತ, ಆಮೇಲೆ ಕಟ್ಟೆ ಒಡೆದಂತೆ ಹೇಳತೊಡಗಿದ. ಹೆಣ ಬಿದ್ದ ದಿನ ಮೇಲೆ ಬಂದಾಗ ಮೇಜಿನ ಮೇಲೆ ಕಂಡದ್ದು ತನ್ನದೇ ಕುಂಡಲಿ. ನೋಡಿದ ಕೂಡಲೇ ಗೊತ್ತಾಯಿತು. ಮದುವೆಗೆ ಬರೆಸಿದ್ದನ್ನು ಹೆಂಡತಿ ಬೀರುವಿನ ಬಾಗಿಲ ಒಳಗೆ ಅಂಟಿಸಿಟ್ಟಿದ್ದಾಳೆ, ದಿನಾ ಅಂಗಿ ತೆಗೆಯುವಾಗ ಕಣ್ಣಿಗೆ ಬೀಳುತ್ತದೆ. ಮೂರು ಮೂಲೆ ತುಂಬಿದ ಚೌಕ. ತಾನು ಈ ಕೋಣೆಗೆ ಹಿಂದೆ ಕಾಲಿಟ್ಟವನೇ ಅಲ್ಲ. ಹಾಗಿದ್ದರೆ ತನ್ನ ಹುಟ್ಟಿದ ಗಳಿಗೆ ಹೇಳಿ ಇಲ್ಲಿ ಕುಂಡಲಿ ಬರೆಸಿದವರು ಯಾರು? ಆ ಸಂಜೆ ಸೂಲಗಿತ್ತಿಯನ್ನು ಕರೆಯಲು ಓಡಿದವಳು ಒಬ್ಬಳೇ. ಅವಳು ಇಲ್ಲಿಗೆ ಕಲಿಯಲು ಬಂದು, ಎಲ್ಲರೆದುರು ಅವಮಾನವಾಗಿ, ತಿಂಗಳು ಪೂರ್ತಿ ಮುದುಕನನ್ನು ಶಪಿಸುತ್ತ ಓಡಾಡಿದ್ದೂ ಅವನಿಗೆ ಗೊತ್ತಿತ್ತು.

"ಅದನ್ನ ನಿನ್ನ ಕೈಲಿಟ್ಟೆ. ಇದು ನಿಂದಲ್ವೇನೋ ಅಂತ ನೀನೇ ಕೇಳ್ತೀಯ ಅಂದ್ಕೊಂಡೆ. ನೀನು ಕಣ್ಣು ಮಿಟುಕಿಸದೆ, ಇವನು ಸೆಪ್ಟೆಂಬರಲ್ಲಿ ಹುಟ್ಟಿದೋನು ಅಂದೆ. ನನ್ನ ಕುಂಡಲಿ ನನ್ನ ಮುಂದೇನೇ ಹಿಡ್ಕೊಂಡು." ಅವನು ಬೆರಳಿಂದ ಕುಂಡಲಿಯನ್ನು ತೋರಿಸಿದ. "ಅಕ್ಕ ಬೇಕಂತಲೇ ಸುಳ್ಳು ಹೇಳ್ತಿದ್ದಾಳೆ ಅಂದ್ಕೊಂಡೆ. ಯಾಕೆ ಹೇಳ್ತಿದ್ದಾಳೆ ಅಂತ ಗೊತ್ತಾಯ್ತು ಅಂತಲೂ ಅಂದ್ಕೊಂಡೆ."

"ಅದಕ್ಕೆ ಅವನನ್ನ ಹಿಡಿದೆಯಾ?"

"ಇನ್ನೇನು ಮಾಡ್ಲಿ? ನಿನ್ನನ್ನ ಹಿಡೀಲಾ?"

ಭವಿಷ್ಯದಮ್ಮ ಕನ್ನಡಕ ತೆಗೆದು ಸೆರಗಿಗೆ ಒರೆಸಿದರು. ಸೂರ್ಯನನ್ನು ಒಂದು ಮನೆ ಆಚೆ ಕೂರಿಸಿದ ತಪ್ಪು ಒಬ್ಬ ನಿರಪರಾಧಿಯನ್ನು ಒಳಗೆ ಹಾಕಿಸಿತ್ತು, ತಮ್ಮನ ನಿದ್ದೆ ಕೆಡಿಸಿತ್ತು, ಒಬ್ಬ ನೆಟ್ಟಗಿನ ಪೊಲೀಸಿನವನ ಬಾಯಲ್ಲಿ ಸುಳ್ಳು ಹೇಳಿಸಿತ್ತು. ಅವನು ತನ್ನನ್ನು ಕೊಲೆಗಾರ್ತಿ ಎಂದುಕೊಂಡಿದ್ದ. ಅಷ್ಟಾದರೂ ಕೈಬಿಟ್ಟಿರಲಿಲ್ಲ. ಬೈಯಬೇಕೋ ತಲೆ ನೇವರಿಸಬೇಕೋ ತಿಳಿಯಲಿಲ್ಲ.

"ಸುಳ್ಳಲ್ಲ ಕಣೋ," ಎಂದರು. "ಪುಸ್ತಕದಲ್ಲಿ ಒಂದು ಅಧ್ಯಾಯ ಬಿಟ್ಟಿದ್ದೆ. ಅಷ್ಟೇ ಆಗಿದ್ದು."

ಪಂಚಾಂಗ ತೆರೆದು ತೋರಿಸಿದರು. ತಮ್ಮ ಸೆಪ್ಟೆಂಬರಿನ ಪುಟ ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಪುಟ ನೋಡಿದ. ಆಮೇಲೆ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ಹೇಳುವುದು ಕಷ್ಟವಾಗಿತ್ತು. ಬಹುಶಃ ಎರಡಕ್ಕೂ ಸಾಕಾಗುವಷ್ಟು ಶಕ್ತಿ ಅವನಲ್ಲಿರಲಿಲ್ಲ.

ಈಗಲೇ ಹೋಗಿ ಅವರನ್ನು ಬಿಡು ಎಂದರು ಭವಿಷ್ಯದಮ್ಮ. ಅವನು ತಲೆಯಾಡಿಸಿದ. ಮೇಲಿನವರಿಗೆ ಏನು ಹೇಳುವುದೋ, ತನ್ನ ನೌಕರಿ ಉಳಿಯುವುದೋ ಇಲ್ಲವೋ ತಿಳಿಯದು, ಆದರೆ ಬೆಳಗಾಗುವವರೆಗೆ ಕಾಯುವುದಿಲ್ಲ ಎಂದ. ಪರದೆಯ ಹಿಂದಿನಿಂದ ಒಂದು ಬಿಕ್ಕು ಕೇಳಿಸಿತು.

"ಆದ್ರೆ ಅಕ್ಕ, ನಾನು ಬರೆಸಿದ್ದಲ್ಲ. ನೀನೂ ಬರೆಸಿದ್ದಲ್ಲ."

"ಅಲ್ಲ."

"ಮತ್ತೆ ಯಾರು?"

ಇಬ್ಬರೂ ಒಮ್ಮೆಗೇ ಟೋಪಿಯ ಕೆಳಗಿನ ಕುಂಡಲಿಯತ್ತ ನೋಡಿದರು. ಸೂಲಗಿತ್ತಿ ಸತ್ತು ಎಷ್ಟೋ ವರ್ಷವಾಗಿತ್ತು. ಅಮ್ಮನೂ ಇರಲಿಲ್ಲ. ಹುಣ್ಣಿಮೆ ಚಂದ್ರನ ಕತೆ ಕೇಳಿದವರು, ಆ ಗಳಿಗೆಯನ್ನು ಕಾಗದದ ಮೇಲೆ ಬರೆದು ಜೋಪಾನ ಮಾಡಿದವರು ಇನ್ನು ಎಷ್ಟು ಜನ ಇದ್ದಾರೆಂದು ಲೆಕ್ಕ ಹಾಕಲು ಬೆರಳು ಬೇಕಿರಲಿಲ್ಲ. ಭವಿಷ್ಯದಮ್ಮನವರ ಕಣ್ಣೆದುರು ಬೀರುವಿನ ಬಾಗಿಲು ಬಂದು ನಿಂತಿತು. ತಮ್ಮನ ಕಣ್ಣೆದುರೂ ಅದೇ ಬಂದಿರಬೇಕು. ಅವನ ಮುಖದ ಬಣ್ಣ ಇಳಿದುಹೋಯಿತು.

ಕೆಳಗೆ ಕಾರಿನ ಬಾಗಿಲು ಮುಚ್ಚಿದ ಸದ್ದು. ಕಾದು ಸಾಕಾಗಿರಬೇಕು.

ಚಪ್ಪಲಿಯ ಹಗುರ ಹೆಜ್ಜೆಗಳು ಮೆಟ್ಟಿಲೇರತೊಡಗಿದವು. ಮಶೀನು ನಿಂತಿತ್ತು, ಒಂದೊಂದು ಹೆಜ್ಜೆಯೂ ಸ್ಪಷ್ಟವಾಗಿ ಕೇಳುತ್ತಿತ್ತು. ಎಡವಲಿ ಎಂದು ಭವಿಷ್ಯದಮ್ಮ ಮನಸ್ಸಿನಲ್ಲೇ ಬೇಡಿಕೊಂಡರು. ರಾಶಿ, ಗ್ರಹ, ನಕ್ಷತ್ರ ಯಾವುದನ್ನೂ ಅವರು ಜೀವಮಾನದಲ್ಲಿ ಹಾಗೆ ಬೇಡಿಕೊಂಡಿರಲಿಲ್ಲ. ಒಂದೇ ಒಂದು ಸಲ ಧಡ್ ಎನ್ನಲಿ.

ಹೆಜ್ಜೆಗಳು ನಡುವಿನ ಮೆಟ್ಟಿಲಿಗೆ ಬಂದವು, ತಡೆಯದೆ ದಾಟಿದವು, ಅದೇ ಲಯದಲ್ಲಿ ಮೇಲೆ ಬಂದವು.

ಒಳಗಿದ್ದ ಮಗಳು ಪರದೆ ಸರಿಸಿ ಕಣ್ಣೊರೆಸಿಕೊಳ್ಳುತ್ತ, ಇಷ್ಟು ವರ್ಷದ ರೂಢಿಯಿಂದ ಬಂದ ಮಾತನ್ನು ಮೆಲ್ಲಗೆ ಆಡಿದಳು.

"ಯಾರೋ ಹಳಬರು ಬಂದ್ರು."

ತಮ್ಮ ಕುರ್ಚಿಯಿಂದ ಏಳಲಿಲ್ಲ. ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಮೇಜಿನ ಮೇಲಿನ ಟೋಪಿ, ಅದರ ಕೆಳಗಿನ ಚೌಕ, ಮೂವರ ಮುಖ, ಎಲ್ಲವನ್ನೂ ಒಂದು ಸಲ ನೋಡಿದಳು. ಆಮೇಲೆ ಎಂದಿನಂತೆ ಮುಗುಳ್ನಕ್ಕು ಭವಿಷ್ಯದಮ್ಮನವರ ಕಡೆ ಬಲಗೈ ಚಾಚಿದಳು.

"ಕತ್ತಲಾಗ್ತಾ ಬಂತು ಅಕ್ಕಾ. ಕೈ ಕೊಡಿ, ನಿಧಾನಕ್ಕೆ ಇಳಿಯೋಣ."